“ಎಷ್ಟು ದುಡಿತೀರಿ ಅಣ್ಣಾ?” ಅಂತ ಕೇಳಿದ್ದೇ ತಪ್ಪಾಯಿತು

ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ, ಬ್ಯಾಂಕ್ ಸಾಲಕ್ಕೆ ಬೇಕಾದ ಕಾಗದಪತ್ರ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

2021ರಲ್ಲಿ ಒಬ್ಬ ಕಾಂಡಿಮೆಂಟ್ಸ್ ಅಂಗಡಿಯವರು ಬಂದು ಕೇಳಿದರು, “ಮೇಡಂ, ನಾನೂ ಜಿಎಸ್‌ಟಿ ಮಾಡಿಸ್ಬೇಕಾ?” ಹಾಲು, ಬ್ರೆಡ್ಡು, ಬಿಸ್ಕತ್ತು, ತಂಪು ಪಾನೀಯ ಮಾರುವ ಅಂಗಡಿ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತರವರೆಗೆ ಗಂಡ ಹೆಂಡತಿ ಇಬ್ಬರೂ ಅಲ್ಲೇ.

“ಎಷ್ಟು ದುಡಿತೀರಿ ಅಣ್ಣಾ?” ಅಂತ ಕೇಳಿದೆ.

“ಎಲ್ಲಾ ಕಳೆದು ತಿಂಗಳಿಗೆ 30 ಸಾವಿರ ಉಳಿದ್ರೆ ಹೆಚ್ಚು ಮೇಡಂ.”

“ಹಾಗಾದ್ರೆ ಬೇಡ ಬಿಡಿ. ಅದು 40 ಲಕ್ಷ ದಾಟಿದವರಿಗೆ.”

ಎರಡು ನಿಮಿಷದ ಮಾತು. ಅವರು ಸಮಾಧಾನವಾಗಿ ಎದ್ದು ಹೋದರು. ನಾನು ಮುಂದಿನ ಫೈಲ್ ತೆಗೆದೆ.

2025ರ ಜುಲೈನಲ್ಲಿ ಅದೇ ಅಣ್ಣ ನೋಟಿಸ್ ಹಿಡಿದು ಬಂದರು. ಆ ತಿಂಗಳು ನಿಮಗೆಲ್ಲ ನೆನಪಿರಬಹುದು. ಯುಪಿಐನಲ್ಲಿ ಬಂದ ಹಣದ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು “ಕ್ಯಾಶ್ ಮಾತ್ರ” ಅಂತ ಬೋರ್ಡ್ ಹಾಕಿದ್ದರು. ಇವರ ಖಾತೆಗೆ ಒಂದು ವರ್ಷದಲ್ಲಿ ಯುಪಿಐ ಮೂಲಕ ಬಂದದ್ದು 58 ಲಕ್ಷ.

“ನನ್ನ ಹತ್ರ 58 ಲಕ್ಷ ಎಲ್ಲಿದೆ ಮೇಡಂ? ನೀವೇ ಬೇಡ ಅಂದಿದ್ರಲ್ಲಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದರು. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ಕಾನೂನು ಕೇಳುವುದು ದುಡಿಮೆಯನ್ನಲ್ಲ, ವ್ಯಾಪಾರವನ್ನು, ಅಂದರೆ ವರ್ಷದಲ್ಲಿ ಮಾರಿದ ಒಟ್ಟು ಮೊತ್ತವನ್ನು (ಟರ್ನೋವರ್). ಸರಕು ಮಾರುವವರಿಗೆ ನೋಂದಣಿಯ ಮಿತಿ 2019ರ ಏಪ್ರಿಲ್‌ನಿಂದ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ಇದರಲ್ಲಿ ನಿಮಗೆ ಎಷ್ಟು ಉಳಿಯಿತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಾನು ದುಡಿಮೆ ಕೇಳಿದೆ, ಅವರು ಉಳಿಕೆ ಹೇಳಿದರು, ನಾನು ಅದನ್ನು ವ್ಯಾಪಾರದ ಮಿತಿಯ ಜೊತೆ ಹೋಲಿಸಿ ಉತ್ತರ ಕೊಟ್ಟೆ. ಮೂರೂ ಬೇರೆ ಬೇರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸರಿಯಾಗಿ ಕೇಳಲಿಲ್ಲ.

40 ಲಕ್ಷ ಅಂದರೆ ಯಾರಿಗಾದರೂ ದೊಡ್ಡ ಅಂಗಡಿಯೇ ಕಣ್ಣ ಮುಂದೆ ಬರುತ್ತದೆ. ಅದನ್ನು 365ರಿಂದ ಭಾಗಿಸಿ ನೋಡಿ. ದಿನಕ್ಕೆ ಸುಮಾರು 11 ಸಾವಿರ. ಜನ ಓಡಾಡುವ ಜಾಗದ ಕಾಂಡಿಮೆಂಟ್ಸ್ ಅಂಗಡಿಗೆ ಅದೇನು ದೊಡ್ಡದಲ್ಲ. ಹಾಲಿನ ಪ್ಯಾಕೆಟ್ ಒಂದಕ್ಕೆ ಸಿಗುವ ಕಮಿಷನ್ ತೀರಾ ಕಡಿಮೆ, ಆದರೆ ಪ್ಯಾಕೆಟ್ಟಿನ ಪೂರ್ತಿ ಬೆಲೆ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ.

ಹಾಲಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಾಲು, ತರಕಾರಿ, ಹಣ್ಣು, ಬ್ರೆಡ್ಡಿಗೆ ತೆರಿಗೆ ಇಲ್ಲ. ಇಂಥವನ್ನು ಮಾತ್ರ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತನ್ನೂ ಮಾರಿದರೆ, 40 ಲಕ್ಷ ದಾಟಿತೇ ಅಂತ ನೋಡುವಾಗ ಹಾಲಿನ ದುಡ್ಡನ್ನೂ ಕೂಡಿಸಬೇಕು. ತೆರಿಗೆ ಕಟ್ಟುವಾಗ ಹಾಲನ್ನು ಬಿಡಬಹುದು, ಮಿತಿ ನೋಡುವಾಗ ಬಿಡುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ನಾಲ್ಕು ದಿನ ಕೂತೆವು. ಹತ್ತು ರೂಪಾಯಿ, ಇಪ್ಪತ್ತಾರು ರೂಪಾಯಿ, ಮತ್ತೆ ಹತ್ತು ರೂಪಾಯಿ, ಹೀಗೆ ಪುಟಗಟ್ಟಲೆ. ನಿಜವಾಗಿ ಲೆಕ್ಕ ಬಿಡಿಸಿದ್ದು ಅವರ ಹೆಂಡತಿ. “ಇದು ಚೀಟಿ ಎತ್ತಿದ್ದು. ಇದು ನನ್ನ ತಮ್ಮ ಸಾಲ ವಾಪಸ್ ಕೊಟ್ಟಿದ್ದು. ಇವ್ರು ದಿನಾ ಬರ್ತಾರೆ, ಫೋನಲ್ಲಿ ಸಾವಿರ ಹಾಕಿ ಕ್ಯಾಶ್ ಇಸ್ಕೊಂಡು ಹೋಗ್ತಾರೆ.” ವ್ಯಾಪಾರವೇ ಅಲ್ಲದ ಹಣ ಒಟ್ಟು 7 ಲಕ್ಷ. ಉಳಿದದ್ದು 51 ಲಕ್ಷ. ಅದರಲ್ಲಿ ಹಾಲು ಮತ್ತು ಬ್ರೆಡ್ಡಿನದೇ 24 ಲಕ್ಷ. ಹಾಲಿನ ಏಜೆಂಟ್ ದಿನವೂ ಗೀಚಿಕೊಡುವ ಚೀಟಿಗಳನ್ನು ಆಯಮ್ಮ ಒಂದೂ ಬಿಡದೆ ತಂತಿಗೆ ಚುಚ್ಚಿ ಇಟ್ಟಿದ್ದರು. ಆ ಚೀಟಿಗಳಿಲ್ಲದಿದ್ದರೆ ನಮ್ಮ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ತೆರಿಗೆ ಬೀಳುವ ಸರಕಿನದು 27 ಲಕ್ಷ ಅಂತಾಯಿತು. ನಗದು ವ್ಯಾಪಾರ ಬೇರೆ ಸೇರಬೇಕು, ಅದನ್ನು ಮುಚ್ಚಿಡಬೇಡಿ ಅಂತ ನಾನೇ ಹೇಳಿದೆ. ಯುಪಿಐ ವ್ಯಾಪಾರವನ್ನಷ್ಟೇ ತೆಗೆದುಕೊಂಡರೂ, ಮೊದಲೇ ಕಾಂಪೊಸಿಷನ್ ಸ್ಕೀಮಿಗೆ (ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ಸರಳವಾಗಿ ಜಿಎಸ್‌ಟಿ ಕಟ್ಟುವ ವ್ಯವಸ್ಥೆ) ಸೇರಿಸಿದ್ದರೆ ಶೇ. 1ರ ಲೆಕ್ಕದಲ್ಲಿ ವರ್ಷಕ್ಕೆ 27 ಸಾವಿರ ಆಗುತ್ತಿತ್ತು. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಆ ಸ್ಕೀಮ್ ಇದೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಕೈಯಿಂದಲೇ ಕೊಡಬೇಕು. ಅಂದರೆ ಅವರ ಒಂದು ತಿಂಗಳ ಉಳಿಕೆ ಹೆಚ್ಚು ಕಡಿಮೆ ಪೂರ್ತಿ ಅದಕ್ಕೇ ಹೋಗುತ್ತದೆ. ಅವರಿಗೆ ಇದು ಸಣ್ಣ ಮೊತ್ತ ಅಂತ ನಾನು ಯಾವತ್ತೂ ಹೇಳಲಾರೆ. ಆದರೆ ಮೊದಲೇ ಗೊತ್ತಿದ್ದರೆ ಗಲ್ಲಾದಲ್ಲಿ ದಿನಕ್ಕೆ 75 ರೂಪಾಯಿ ಬೇರೆ ಎತ್ತಿಡುತ್ತಿದ್ದರು.

ನೋಟಿಸಿಗೆ ಉತ್ತರ ಬರೆದು ಕೊಟ್ಟೆವು. ಅದೇ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಅಂದರು. ಅಣ್ಣನ ನೋಂದಣಿ ಮಾಡಿಸಿದೆ. ಅಂಗಡಿಗೆ ಅಂತಲೇ ಬೇರೆ ಖಾತೆ ತೆಗೆಸಿದೆ. ಚೀಟಿ ದುಡ್ಡು, ತಮ್ಮನ ದುಡ್ಡು ಈಗ ಆಯಮ್ಮನ ಖಾತೆಗೆ ಬರುತ್ತದೆ. ಮಡಚಿಟ್ಟಿದ್ದ ಕ್ಯೂಆರ್ ಕೋಡ್ ಮತ್ತೆ ಗಾಜಿನ ಡಬ್ಬದ ಮೇಲೆ ಬಂದಿದೆ. ತೆರಿಗೆಗೆ ಹೆದರಿ ಯುಪಿಐ ಬಿಡುವುದು ದಾರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಗದಿನಲ್ಲಿ ಮಾರಿದರೂ ಅದು ವ್ಯಾಪಾರವೇ ಅಲ್ವಾ?

ಈಗ ಯಾರೇ ಬಂದರೂ ನಾನು ವರ್ಷದ ಮಾತೇ ಎತ್ತುವುದಿಲ್ಲ. ಟರ್ನೋವರ್ ಅನ್ನುವ ಪದವನ್ನೂ ಬಿಟ್ಟಿದ್ದೇನೆ. ಹೋದ ತಿಂಗಳು ತಿಂಡಿ ಗಾಡಿ ನಡೆಸುವ ಅಕ್ಕ ಒಬ್ಬರು ಬಂದಿದ್ದರು. ಇಡ್ಲಿ, ವಡೆ, ಚಿತ್ರಾನ್ನ. ತಿಂಡಿ ಬಡಿಸುವುದು ಸೇವೆಯ ಲೆಕ್ಕ, ಮಿತಿ 20 ಲಕ್ಷ. ದಿನಕ್ಕೆ ಸುಮಾರು 5,500.

“ನಿನ್ನೆ ಬೆಳಿಗ್ಗೆಯಿಂದ ಗಾಡಿ ಮುಚ್ಚೋವರೆಗೆ, ಫೋನಿಗೂ ಡಬ್ಬಿಗೂ ಸೇರಿ ಎಷ್ಟು ಬಂತು ಅಕ್ಕಾ? ಖರ್ಚು ಕಳೀಬೇಡಿ.”

ಅವರು ಫೋನ್ ತೆಗೆದು ನೋಡಿದರು. ಬಾಯಲ್ಲೇ ಕೂಡಿಸಿದರು.

“4,800.”

“ಭಾನುವಾರ?”

ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಭಾನುವಾರ ಏಳು ದಾಟುತ್ತೆ ಮೇಡಂ” ಅಂದರು. ಕುರ್ಚಿ ಹತ್ತಿರ ಎಳೆದುಕೊಳ್ಳಿ ಅಂದು, ನೋಟ್‌ಬುಕ್ಕಿನಲ್ಲಿ ಏಳು ದಿನಕ್ಕೆ ಏಳು ಗೆರೆ ಹಾಕಿದೆ.