ಹೆಸರು ಯಾಕ ಬೇಕ್ರಿ?

ಕಳೆದ ಭಾನುವಾರ ವಲಸೆ ಕಾರ್ಮಿಕರ ಆರೋಗ್ಯದ ಮಾಹಿತಿ ಬರೆದುಕೊಳ್ಳಲು ಹೊರಟ ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ಅಕ್ಕನ ಜೊತೆ ಬೆಂಗಳೂರಿನ ಥಣಿಸಂದ್ರದ ಹತ್ತಿರ ಅವರು ಇರುವ ಶೆಡ್‌ಗಳಿಗೆ ಹೋಗಿದ್ದೆ. ತಗಡಿನ ಗೋಡೆ, ನೀಲಿ ಟಾರ್ಪಾಲು, ಒಂದೇ ನಲ್ಲಿಗೆ ಸಾಲುಗಟ್ಟಿದ ಕೊಡಗಳು. ಒಂದು ಕಡೆ ಯಾದಗಿರಿ, ರಾಯಚೂರಿನವರು, ಇನ್ನೊಂದು ಕಡೆ ಬಂಗಾಳದವರು.

"ಹೆಸರು ಯಾಕ ಬೇಕ್ರಿ? ನಮ್ಮನ್ನ ಇಲ್ಲಿಂದ ಎಬ್ಬಸ್ತೀರೇನು?" ಅಂತ ಒಬ್ಬ ತಾಯಿ ಕೇಳಿದರು. ಅಕ್ಕ ಪುಸ್ತಕ ಮುಚ್ಚಿ ಕೆಳಗೆ ಕೂತರು. "ತಾಯಿ ಕಾರ್ಡ್ ಇದೆಯೇನವ್ವಾ?" ಅಂದರು. ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟ ಕಾರ್ಡ್ ಬಂತು. ಮಗುವಿಗೆ ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ಊರಲ್ಲೇ ಆಗಿತ್ತು. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ಎರಡನೇ ಡೋಸ್ ಜಾಗ ಖಾಲಿ. ಮಗುವಿಗೆ ಆಗಲೇ 20 ತಿಂಗಳು.

ಮಾಹಿತಿ ಅಂದರೆ ಇದೇ ಅಲ್ವಾ? ದಡಾರ ಗಾಳಿಯಲ್ಲಿ ಹರಡುತ್ತದೆ, ಇಷ್ಟು ಒತ್ತೊತ್ತಾಗಿ ಜನ ಇರುವ ಕಡೆ ಒಂದು ಮಗುವಿಗೆ ಬಂದರೆ ಲಸಿಕೆ ಆಗದ ಪಕ್ಕದ ಮಕ್ಕಳಿಗೂ ಬೇಗ ಅಂಟಿಕೊಳ್ಳುತ್ತದೆ. ಕ್ಷಯದ ಕಥೆ ಇನ್ನೂ ಕಷ್ಟ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು, ಆದರೆ ಅಷ್ಟರಲ್ಲಿ ಕಟ್ಟಡದ ಕೆಲಸ ಮುಗಿದು ಮೇಸ್ತ್ರಿ ಬೇರೆ ಊರಿಗೆ ಕರೆದುಕೊಂಡು ಹೋಗಿರುತ್ತಾನೆ. ಕ್ಷಯ ರೋಗಿಗಳ ವಿವರ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ನಿಕ್ಷಯ್‌ನಲ್ಲಿ ಹೆಸರು ದಾಖಲಾಗಿದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಮುಂದುವರಿಸಬಹುದು.

ಆದರೆ ಆರೋಗ್ಯದ ಪ್ರಶ್ನೆ ಕೇಳುವ ದಿನ ದಯವಿಟ್ಟು ಯಾರೂ ಗುರುತಿನ ಚೀಟಿ ತಪಾಸಣೆಗೆ ಬರಬೇಡಿ. ಒಮ್ಮೆ ಹೆದರಿದರೆ ಮುಂದಿನ ಸಲ ಬಾಗಿಲೇ ತೆರೆಯುವುದಿಲ್ಲ, ಜ್ವರ ಬಂದ ಮಗುವನ್ನೂ ಒಳಗೇ ಮಲಗಿಸುತ್ತಾರೆ.

ಗುರುವಾರ ಲಸಿಕೆ ಹಾಕಿಸಲು ಆ ತಾಯಿ ಜೊತೆ ನಾನೂ ಹೋಗುತ್ತಿದ್ದೇನೆ.