ಹೊಲಿಗೆಯೇ ಇಲ್ಲದ ನನ್ನ ಬ್ಯಾಗು

ಕಳೆದ ವಾರ ಮಳೆಯಲ್ಲಿ ನನ್ನ ಚರ್ಮದ ಬ್ಯಾಗು ಪೂರ್ತಿ ನೆನೆಯಿತು. ಆಮೇಲಿನ ತಪ್ಪು ನನ್ನದೇ. ನೆರಳಲ್ಲಿ ನೇತುಹಾಕಿದ್ದರೆ ಸಾಕಿತ್ತು, ಅವಸರಕ್ಕೆ ಬಿದ್ದು ಮರುದಿನ ಉರಿಬಿಸಿಲಿಗೆ ಇಟ್ಟೆ. ಸಂಜೆ ನೋಡಿದರೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಎತ್ತಿದ್ದೇ ತಡ, ಮೂಲೆಯ ಬಾರು ತುದಿಯಲ್ಲಿ ಪಟ್ ಅಂತ ತುಂಡಾಯಿತು.

ರಾಜಸ್ಥಾನದ ಜವಾಜಾದ ಬ್ಯಾಗಿದು. ಕೊಂಡಾಗ ಅಚ್ಚುಬೆಲ್ಲದ ಬಣ್ಣ ಇತ್ತು, ಆರು ವರ್ಷ ಹೆಗಲಲ್ಲಿ ತಿರುಗಿ ಈಗ ಕಾಫಿ ಡಿಕಾಕ್ಷನ್ ಆಗಿದೆ. ಚಪ್ಪಲಿ ಹೊಲಿಯುವ ತಾತನ ಹತ್ತಿರ ಒಯ್ದೆ. ದಬ್ಬಳ ಹಿಡಿದುಕೊಂಡೇ ತಿರುಗಿಸಿ ಮುರುಗಿಸಿ ನೋಡಿದರು.

"ಹೊಲಿಗೆ ಎಲ್ಲಮ್ಮಾ?"

ಇಲ್ಲ. ಹೊಲಿಗೆ ಇಲ್ಲ, ಅಂಟಿಲ್ಲ, ಮೊಳೆಯೂ ಇಲ್ಲ. ಚರ್ಮದಲ್ಲಿ ಸೀಳು ಮಾಡಿ, ಅದರೊಳಗೆ ಚರ್ಮದ ಬಾರನ್ನೇ ಪೋಣಿಸಿ ಎಳೆದು ಬಿಗಿದಿದ್ದಾರೆ, ಅಷ್ಟೇ.

ಈ ಬ್ಯಾಗುಗಳ ಕತೆ ಹೇಳುವವರು 1975ರಿಂದ ಶುರು ಮಾಡುತ್ತಾರೆ. ಅಹಮದಾಬಾದ್ ಐಐಎಂನ ಮೊದಲ ಪೂರ್ಣಾವಧಿ ನಿರ್ದೇಶಕರಾಗಿದ್ದ ರವಿ ಮಥಾಯಿ ಆ ಹುದ್ದೆ ಬಿಟ್ಟ ಮೇಲೆ ಜವಾಜಾಕ್ಕೆ ಹೋದರು, ಅದೇ ಊರಿನ ವಿನ್ಯಾಸ ಕಲಿಸುವ ಸಂಸ್ಥೆ ಎನ್‌ಐಡಿಯ ಡಿಸೈನರ್‌ಗಳೂ ಜೊತೆಗೂಡಿದರು, ಅಲ್ಲಿನ ಚರ್ಮದ ಕೆಲಸದ ರೈಗರ್ ಸಮುದಾಯದವರ ಜೊತೆ ಕೆಲಸ ಮಾಡಿದರು ಅಂತ. ಎಲ್ಲಾ ನಿಜ. ಆದರೆ ಬಾರು ಎಷ್ಟು ಹಿಗ್ಗುತ್ತೆ, ಎಲ್ಲಿ ಕಚ್ಚಿಕೊಳ್ಳುತ್ತೆ ಅನ್ನೋದು ರೈಗರ್ ಜನರ ಕೈಗೆ ಮೊದಲೇ ಗೊತ್ತಿತ್ತಲ್ವಾ? ಈ ತಾತನಿಗೂ ಗೊತ್ತಿತ್ತು, ಅಂಥ ಬ್ಯಾಗು ಕಂಡದ್ದು ಅದೇ ಮೊದಲಾದರೂ.

ದಬ್ಬಳ ಪಕ್ಕಕ್ಕಿಟ್ಟರು. ಡಬ್ಬದ ನೀರಿಗೆ ಬಾರನ್ನು ಇಳಿಬಿಟ್ಟರು. ಸಣ್ಣ ಸಣ್ಣ ಗುಳ್ಳೆ ಬಂತು. ಗುಳ್ಳೆ ನಿಂತ ಮೇಲೆ ತೆಗೆದು, ತುದಿಯನ್ನು ನಾಲಿಗೆಯ ಹಾಗೆ ಚೂಪಾಗಿ ಕತ್ತರಿಸಿ ಸೀಳಿನೊಳಗೆ ತೂರಿಸಿದರು. ಬ್ಯಾಗನ್ನು ಎರಡೂ ಪಾದಗಳ ಮಧ್ಯೆ ಅದುಮಿ ಹಿಡಿದು ಒಂದೇ ಸಮ ಎಳೆದರು.

"ತೊಗಟೆ ಹಾಕಿ ಹದ ಮಾಡಿರೋ ಚರ್ಮ ಇದು, ನೀರು ಕುಡಿಯುತ್ತೆ. ಒಣಗ್ತಾ ಒಣಗ್ತಾ ತಾನೇ ಬಿಗಿಯುತ್ತೆ. ಕ್ರೋಮ್ ಕೆಮಿಕಲ್ ಹಾಕಿ ಹದ ಮಾಡಿರೋ ಚರ್ಮ ಆಗಿದ್ರೆ ಹೀಗೆ ಮಾತು ಕೇಳಲ್ಲ."

ಅವರ ಅಪ್ಪ ಕಪಿಲೆಗೆ ಚರ್ಮದ ಚೀಲ ಮಾಡುತ್ತಿದ್ದರಂತೆ. ಎತ್ತುಗಳು ಇಳಿಜಾರಲ್ಲಿ ಹಗ್ಗ ಎಳೆದರೆ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುವ ದೊಡ್ಡ ಚೀಲ. "ಅದು ಸೋರಿದ್ರೆ ಗೌಡ್ರು ಮನೆ ಬಾಗಿಲಿಗೇ ಬಂದು ಬಯ್ಯೋರು. ಪಂಪ್‌ಸೆಟ್ ಬಂತು, ಬೈಗುಳನೂ ನಿಂತೋಯ್ತು, ಕೆಲಸನೂ ನಿಂತೋಯ್ತು," ಅಂತ ನಕ್ಕರು.

ಎರಡು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ಸ್ವಲ್ಪ ಹರಳೆಣ್ಣೆ ಸವರಲು ಹೇಳಿದರು. ಮತ್ತೆ ಬಿಸಿಲಿಗಿಟ್ಟರೆ ತನ್ನ ಹತ್ತಿರ ತರಬೇಡ ಅಂತಲೂ ಹೇಳಿದರು.

ಇವತ್ತು ಬೇಕಂತಲೇ ಜೋರಾಗಿ ಜಗ್ಗಿ ನೋಡಿದೆ, ಬಾರು ಅಲ್ಲಾಡಲಿಲ್ಲ. ಆ ಮೂಲೆ ಮಾತ್ರ ಚೂರು ಸೊಟ್ಟಗಿದೆ. ಬಾರು ಅರ್ಧ ಇಂಚು ಗಿಡ್ಡ ಆಯ್ತಲ್ಲ, ಅದಕ್ಕೆ.