ಕ್ಷುದ್ರಗ್ರಹದ ಸೈಜು ಎಷ್ಟು ಅಂದರೆ ಒಂದೇ ಸಂಖ್ಯೆ ಬರೆಯಬೇಡಿ

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಅಂತ ಕ್ಷುದ್ರಗ್ರಹ ಕೊಡುತ್ತೇನೆ. ದೊಡ್ಡ ಟೆಲಿಸ್ಕೋಪ್ ಬೇಕಿಲ್ಲ, ಬೇರೆಯವರು ಅಳೆದಿಟ್ಟ ಡೇಟಾ ಪುಕ್ಕಟೆ ಸಿಗುತ್ತದೆ. ಮಳೆಗಾಲದಲ್ಲಿ ಇಲ್ಲಿ ನಕ್ಷತ್ರ ಕಾಣೋದೇ ಅಪರೂಪ, ಹಾಗಾಗಿ ನಮಗೆ ಇದೇ ವಾಸಿ.

ಶುರುವಿನಲ್ಲಿ ಎಲ್ಲರ ರೆಕಾರ್ಡ್ ಬುಕ್ಕಿನಲ್ಲೂ ಒಂದೇ ಸಂಖ್ಯೆ ಇರುತ್ತದೆ. "ಸಾರ್, ವ್ಯಾಸ 400 ಮೀಟರ್." ಹೇಗೆ ಗೊತ್ತಾಯಿತು? ಸೂತ್ರಕ್ಕೆ ಹಾಕಿದೆವು ಸಾರ್. ಸೂತ್ರ ಸರಿಯೇ. ಆದರೆ ನಾವು ಅಳೆದಿರುವುದು ಬೆಳಕನ್ನು ಮಾತ್ರ. ಚಿಕ್ಕದಾಗಿ ಬೆಳ್ಳಗಿರುವ ಕಲ್ಲು, ದೊಡ್ಡದಾಗಿ ಕಪ್ಪಗಿರುವ ಕಲ್ಲು, ಎರಡೂ ಒಂದೇ ಥರ ಹೊಳೆಯಬಹುದು. ನಿಜ ಕಾಂತಿಮಾನ (ಒಂದು ನಿಗದಿತ ದೂರದಲ್ಲಿಟ್ಟು ನೋಡಿದರೆ ಎಷ್ಟು ಹೊಳೆಯುತ್ತದೆ ಅನ್ನುವ ಅಳತೆ) 20 ಇರುವ ಕ್ಷುದ್ರಗ್ರಹವನ್ನು ತಗೊಳ್ಳಿ. ಬಿದ್ದ ಬೆಳಕಿನಲ್ಲಿ ಶೇ. 25 ವಾಪಸ್ ಬಂದರೆ ವ್ಯಾಸ ಸುಮಾರು 270 ಮೀಟರ್, ಶೇ. 4 ಮಾತ್ರ ಬಂದರೆ 660 ದಾಟುತ್ತದೆ. ಘನಫಲದಲ್ಲಿ, ಅಂದರೆ ಕಲ್ಲು ತುಂಬುವ ಜಾಗದಲ್ಲಿ, ಇದು 15 ಪಟ್ಟು ವ್ಯತ್ಯಾಸ! ಶಾಖದ ಕಿರಣಗಳನ್ನೂ ಅಳೆದರೆ ಗೊಂದಲ ಕಡಿಮೆಯಾಗುತ್ತದೆ, ಕಪ್ಪು ಕಲ್ಲು ಜಾಸ್ತಿ ಕಾಯುತ್ತದಲ್ವಾ.

ಇದನ್ನು ಎಲ್ಲರಿಗಿಂತ ಬೇಗ ಹಿಡಿದವನು ಸಕಲೇಶಪುರ ಕಡೆಯ ಹುಡುಗ. ಅವರ ಮನೆಯಲ್ಲಿ ಕಾಫಿ ಚೆರ್ರಿ ಮಾರುವಾಗ ವ್ಯಾಪಾರಿ ಮೂಟೆ ನೋಡಿ ರೇಟು ಹೇಳುವುದಿಲ್ಲವಂತೆ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ ಔಟ್‌ಟರ್ನ್ ಎಷ್ಟು, ಅಂದರೆ ಬೀಜ ಎಷ್ಟು ಸಿಗುತ್ತದೆ ಅಂತ ನೋಡುತ್ತಾನೆ. "ನಾವಿಲ್ಲಿ ಮೂಟೆ ನೋಡಿಯೇ ರೇಟು ಬರೀತಿದ್ದೀವಿ ಸಾರ್" ಅಂದ.

ಇನ್ನು ಬೆನ್ನು ಅನ್ನುವ ಕ್ಷುದ್ರಗ್ರಹ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ನಾಸಾದ ಓಸಿರಿಸ್-ರೆಕ್ಸ್ ನೌಕೆ 2018ರಲ್ಲಿ ಅಲ್ಲಿಗೆ ಹೋಗುವ ಮೊದಲೇ ಭೂಮಿಯಿಂದ ರೇಡಾರ್ ಹಾಯಿಸಿ ಅದರ ಆಕಾರ, ಅಳತೆ ಅಂದಾಜು ಮಾಡಿದ್ದರು. ಸುಮಾರು 490 ಮೀಟರ್. ಹೋಗಿ ನೋಡಿದರೆ ಹೆಚ್ಚು ಕಡಿಮೆ ಅಷ್ಟೇ ಇತ್ತು. ಆದರೆ ನೆಲ? ಅದು ಬಿಸಿಯಾಗಿ ತಣ್ಣಗಾಗುವ ರೀತಿ ನೋಡಿ ಸಣ್ಣ ಜಲ್ಲಿಯ ಬಯಲು ಅಂದುಕೊಂಡಿದ್ದರು. ಕಂಡಿದ್ದು ಎಲ್ಲಿ ನೋಡಿದರೂ ಬಂಡೆ. ಆ ಬಂಡೆಗಳ ಒಳಗೆಲ್ಲ ಸಣ್ಣ ಸಣ್ಣ ತೂತು, ಅದಕ್ಕೇ ಅವು ಜಲ್ಲಿಯ ಹಾಗೆ ಬೇಗ ಕಾದು ಬೇಗ ಆರುತ್ತಿದ್ದವು. ಶಾಖದ ಅಳತೆಯಲ್ಲಿ ತಪ್ಪಿರಲಿಲ್ಲ, ಅದಕ್ಕೆ ಕೊಟ್ಟ ಅರ್ಥ ಬೇರೆಯಾಗಿತ್ತು.

ಸಾಂದ್ರತೆಯೂ ಹಾಗೇ. ಬೆನ್ನುವಿನದು ಘನ ಸೆಂಟಿಮೀಟರಿಗೆ ಸುಮಾರು 1.19 ಗ್ರಾಂ. ನೀರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಳಗೆ ಅರ್ಧದಷ್ಟು ಬರೀ ಖಾಲಿ ಜಾಗ. 67ಪಿ ಧೂಮಕೇತುವಿನದು ಇನ್ನೂ ಕಡಿಮೆ, ಅರ್ಧ ಗ್ರಾಂ ಆಸುಪಾಸು. ಇದು ಗೊತ್ತಾಗಲು ಮೊದಲು ದ್ರವ್ಯರಾಶಿ ಸಿಗಬೇಕು. ಅದು ಖಚಿತವಾಗಿ ಸಿಗಬೇಕಾದರೆ ಸಾಮಾನ್ಯವಾಗಿ ನೌಕೆ ಹತ್ತಿರ ಹೋಗಬೇಕು, ಇಲ್ಲವೇ ಆ ಕಲ್ಲಿಗೊಂದು ಉಪಗ್ರಹ ಇರಬೇಕು. ಬೆಳಕಿನ ಡೇಟಾ ಒಂದನ್ನೇ ಇಟ್ಟುಕೊಂಡು ಯಾರಾದರೂ ಸಾಂದ್ರತೆ ಬರೆದು ತಂದರೆ ನಾನು ಸುಮ್ನೆ ಪೆನ್ನು ಕೆಳಗಿಡುತ್ತೇನೆ.

ಆವರ್ತನ ಅವಧಿಯಲ್ಲೂ, ಅಂದರೆ ಕಲ್ಲು ತನ್ನ ಸುತ್ತ ಒಂದು ಸಲ ತಿರುಗುವ ಸಮಯದಲ್ಲೂ, ಎಡವುತ್ತಾರೆ. ಉದ್ದುದ್ದ ಇರುವ ಕಲ್ಲು ಒಂದು ಸುತ್ತಿಗೆ ಎರಡು ಸಲ ಹೊಳೆಯುತ್ತದೆ. ಒಂದೇ ಸಲ ಅಂತ ಲೆಕ್ಕ ಹಿಡಿದರೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 200 ಮೀಟರಿಗಿಂತ ದೊಡ್ಡ ಕಲ್ಲಿಗೆ 2.2 ಗಂಟೆಗಿಂತ ಕಡಿಮೆ ಬಂತಾ? ಮೊದಲು ಲೆಕ್ಕವನ್ನೇ ಅನುಮಾನಿಸಿ ಅನ್ನುತ್ತೇನೆ. ಆ ಗಾತ್ರದವು ಬಹುಪಾಲು ಸಡಿಲ ಕಲ್ಲುಗುಡ್ಡೆಗಳು, ಅದಕ್ಕಿಂತ ಜೋರಾಗಿ ತಿರುಗಿದರೆ ಚದುರಿಹೋಗುತ್ತವೆ.

ಬಾಹ್ಯಾಕಾಶ ಅಂದ ಕೂಡಲೇ ಊರಿನವರು ಇಲ್ಲಿನ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ನೆನೆದು "ಎಂಸಿಎಫ್‌ನಲ್ಲಿದ್ದೀರಾ?" ಅಂತ ಕೇಳುತ್ತಾರೆ. ಇಲ್ಲ ಸ್ವಾಮಿ, ನಾನು ಬರೀ ಮೇಷ್ಟ್ರು. ಆದರೆ ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. 2029ರ ಏಪ್ರಿಲ್ 13ಕ್ಕೆ ಅಪೋಫಿಸ್ ಅನ್ನುವ ಕ್ಷುದ್ರಗ್ರಹ ಅದಕ್ಕಿಂತಲೂ ಹತ್ತಿರ, ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಡಿಕ್ಕಿಯ ಭಯ ಇಲ್ಲ. ಆದರೆ ಭೂಮಿಯ ಸೆಳೆತಕ್ಕೆ ಅದರ ಕಕ್ಷೆ ಬದಲಾಗುತ್ತದೆ, ಅದು ತಿರುಗುವ ರೀತಿಯೂ ಬದಲಾಗಬಹುದು. ಈ ಸಲದ ಬ್ಯಾಚಿಗೆ ಅದನ್ನೇ ಕೊಟ್ಟಿದ್ದೇನೆ. ರೆಕಾರ್ಡ್ ಬುಕ್ಕಿನಲ್ಲಿ ಪ್ರತಿ ಸಂಖ್ಯೆಯ ಪಕ್ಕ ಎರಡು ಕಾಲಂ ಕಡ್ಡಾಯ: ಯಾವುದನ್ನು ಅಳೆದದ್ದು, ಯಾವುದನ್ನು ಊಹಿಸಿದ್ದು.